ಕ್ಯಾಮೆರಾದ ಪುಟ್ಟ ಫ್ಲ್ಯಾಶಿಗೆ ಮದುವೆ ಕಾಗದ ವಾಸಿಯೋ, ಬಟರ್ ಪೇಪರೋ?

ಅಣ್ಣನ ಮಗಳ ನಾಮಕರಣದ ಫೋಟೋಗಳನ್ನು ದೊಡ್ಡಮ್ಮನಿಗೆ ತೋರಿಸಿದ ದಿನವೇ ಈ ಕೆಲಸಕ್ಕೆ ಮುಹೂರ್ತ ಇಟ್ಟ ಹಾಗಾಯಿತು. ಅವರು ಕನ್ನಡಕ ಹಾಕಿಕೊಂಡು, ಮೊಬೈಲನ್ನು ಕೈಯಳತೆಯಲ್ಲಿ ದೂರ ಹಿಡಿದು ನೋಡಿ, "ಎಂತ ಮಾರಾಯ, ನನ್ನ ಮುಖಕ್ಕೆ ಸುಣ್ಣ ಬಳಿದಿದ್ದಿಯಾ?" ಅಂದರು.

ಸುಳ್ಳಲ್ಲ. ಹಣೆ, ಮೂಗು, ಕೆನ್ನೆ ಎಲ್ಲ ಬೆಳ್ಳಗೆ. ಮುಡಿದ ಮಲ್ಲಿಗೆಯಲ್ಲಿ ಒಂದು ಮೊಗ್ಗೂ ಬೇರೆಯಾಗಿ ಕಾಣುವುದಿಲ್ಲ, ಹತ್ತಿ ಉಂಡೆ ಅಂಟಿಸಿದ ಹಾಗೆ. ಹಿಂದಿನ ಗೋಡೆಯ ಮೇಲೆ ಇನ್ನೊಬ್ಬ ಕಪ್ಪು ದೊಡ್ಡಮ್ಮ. ಮೇ ತಿಂಗಳ ಉಡುಪಿಯ ಸೆಕೆ ಬೇರೆ. ಬೆವರಿದ ಮುಖದ ಮೇಲೆ ಫ್ಲ್ಯಾಶ್ ಬಿದ್ದರೆ ಎಣ್ಣೆ ಹಚ್ಚಿದ ಬಾಳೆ ಎಲೆಯ ಹಾಗೆ ಹೊಳೆಯುತ್ತದೆ.

ನನ್ನ ಹತ್ತಿರ ಇರುವುದು ನಿಕಾನ್ ಡಿ5600, ಅದರ ಜೊತೆಗೇ ಬಂದ 18-55 ಲೆನ್ಸು. ಮೇಲೆ ಟಕ್ ಅಂತ ಏಳುವ ಫ್ಲ್ಯಾಶ್. "ಬೇರೆ ಫ್ಲ್ಯಾಶ್ ತಗೋ, ಅದರ ತಲೆಯನ್ನು ಬೇಕಾದ ಕಡೆ ತಿರುಗಿಸಬಹುದಾದಂಥದ್ದು" ಅಂತ ಎಲ್ಲರೂ ಹೇಳಿದರು. ತಗೊಳ್ಳಬಹುದು. ಆದರೆ ವರ್ಷಕ್ಕೆ ನಾಲ್ಕು ಮನೆ ಕಾರ್ಯಕ್ರಮಕ್ಕೆ ಅದನ್ನೂ ಅದರ ನಾಲ್ಕು ಸೆಲ್ಲುಗಳನ್ನೂ ಹೊತ್ತುಕೊಂಡು ಹೋಗುವ ಮನಸ್ಸಿಲ್ಲ. ಇರುವುದನ್ನೇ ಎಷ್ಟು ಮೆತ್ತಗೆ ಮಾಡಬಹುದು ನೋಡೋಣ ಅಂತ ಹೊರಟೆ.

ಪರೀಕ್ಷೆಗೆ ಅತ್ತಿಗೆ ಕೂತರು. ತಲೆಯಲ್ಲಿ ಶಂಕರಪುರ ಮಲ್ಲಿಗೆ, ಪಕ್ಕದಲ್ಲಿ ತಿಕ್ಕಿ ಬೆಳಗಿದ ಹಿತ್ತಾಳೆಯ ಕಾಲುದೀಪ. ಬಿಳಿ ಹೂವು, ಕರಿ ಕೂದಲು, ಹೊಳೆಯುವ ಲೋಹ, ಮುಖ ನಾಲ್ಕೂ ಒಂದೇ ಫೋಟೋದಲ್ಲಿ ಸಿಗಬೇಕು ಅಂತ ಈ ಏರ್ಪಾಡು. ಕ್ಯಾಮೆರಾದಿಂದ ಅವರಿಗೆ ಎರಡು ಮೀಟರ್, ಅವರಿಂದ ಹಿಂದಿನ ಗೋಡೆಗೆ ಒಂದು ಅಡಿ. ಎಫ್ 5.6 (ಲೆನ್ಸಿನ ಕಿಂಡಿಯ ಅಳತೆ), ಐಎಸ್‌ಒ 400 (ಕ್ಯಾಮೆರಾ ಬೆಳಕನ್ನು ಹಿಡಿಯುವ ಚುರುಕು), ಶಟರ್ 1/125 ಸೆಕೆಂಡ್. ಫ್ಲ್ಯಾಶನ್ನು ಆಟೋದಲ್ಲಿ ಬಿಟ್ಟರೆ ಅದು ಲೆನ್ಸಿನ ಮೂಲಕ ಬೆಳಕು ಅಳೆದು ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳುತ್ತದೆ. ಆಗ ಯಾವುದು ಎಷ್ಟು ಬೆಳಕು ತಿನ್ನುತ್ತದೆ ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಮ್ಯಾನ್ಯುಯಲ್‌ನಲ್ಲಿಟ್ಟೆ. ಏನೂ ಅಡ್ಡ ಹಿಡಿಯದೆ 1/4 ಪವರಿಗೆ ಮುಖ ಸರಿಯಾಗಿ ಬಂತು. ಲೆಕ್ಕವೂ ಹಾಗೇ ಹೇಳುತ್ತದೆ. ಈ ಫ್ಲ್ಯಾಶಿನ ಗೈಡ್ ನಂಬರ್, ಅಂದರೆ ಅದರ ಬಲ ಹೇಳುವ ಅಂಕಿ, 12, ಅದನ್ನು ದೂರದಿಂದ ಭಾಗಿಸಿದರೆ ಐಎಸ್‌ಒ 100ಕ್ಕೆ ಬೇಕಾದ ಎಫ್ ನಂಬರ್. ಎರಡು ಮೀಟರಿಗೆ 6. ಐಎಸ್‌ಒ ನಾಲ್ಕು ಪಟ್ಟು ಮಾಡಿದ್ದರಿಂದ ಪವರ್ ಕಾಲು ಭಾಗ ಸಾಕಾಯಿತು.

ಮೆತ್ತಗಾಯಿತೋ ಇಲ್ಲವೋ ಅಂತ ಕಣ್ಣಂದಾಜಿನಲ್ಲಿ ಹೇಳಿದರೆ ಜಗಳ. ಅದಕ್ಕೆ ಗೋಡೆಗೆ ಒಂದು ಸ್ಕೇಲ್ ಅಂಟಿಸಿ, ಅತ್ತಿಗೆಯ ತಲೆಯ ನೆರಳು ಕಪ್ಪಿನಿಂದ ಬಿಳಿಗೆ ತಿರುಗಲು ಎಷ್ಟು ಅಗಲ ತೆಗೆದುಕೊಳ್ಳುತ್ತದೆ ಅಂತ ನೋಡಿದೆ. ಬರೀ ಫ್ಲ್ಯಾಶಿಗೆ ಅದು ಸುಮಾರು ಅರ್ಧ ಸೆಂಟಿಮೀಟರ್. ಬ್ಲೇಡಿನಿಂದ ಕತ್ತರಿಸಿದ ಹಾಗೆ.

ಮೊದಲು ಟಿಶ್ಯೂ ಪೇಪರ್. ಎಲ್ಲರೂ ಹೇಳುವ ಉಪಾಯ ಇದೇ ಅಲ್ವಾ? ಎರಡು ಮಡಿಕೆ ಮಾಡಿ ಫ್ಲ್ಯಾಶಿನ ಮುಖಕ್ಕೆ ರಬ್ಬರ್ ಬ್ಯಾಂಡ್ ಹಾಕಿದೆ. ಪವರ್ 1/2ಕ್ಕೆ ಏರಿಸಬೇಕಾಯಿತು, ಅಂದರೆ ಅರ್ಧ ಬೆಳಕು ಹೋಯಿತು. ನೆರಳಿನ ಅಂಚು? ಅದೇ ಅರ್ಧ ಸೆಂಟಿಮೀಟರ್. ಫ್ಲ್ಯಾಶಿನ ಕಿಟಕಿ ನಾಲ್ಕು ಸೆಂಟಿಮೀಟರ್ ಅಗಲ. ಅದಕ್ಕೇ ಒತ್ತಿ ಕಾಗದ ಅಂಟಿಸಿದರೆ ಬೆಳಕು ಹೊರಡುವ ಜಾಗ ಆಗಲೂ ನಾಲ್ಕೇ ಸೆಂಟಿಮೀಟರ್. ಅತ್ತಿಗೆಯ ಮುಖದಿಂದ ನೋಡಿದರೆ ಏನೂ ದೊಡ್ಡದಾಗಿಲ್ಲ. ಬೆಳಕು ಮೆತ್ತಗಾಗುವುದು ಅದು ಬರುವ ಜಾಗ ದೊಡ್ಡದಾದಾಗ, ಮುಚ್ಚಿದಾಗ ಅಲ್ಲ. ಟಿಶ್ಯೂ ಹಾಕಿದ ಫೋಟೋ ಚೆನ್ನಾಗಿ ಬಂತು ಅನ್ನುವವರಿಗೆ ನಿಜವಾಗಿ ಸಿಗುವುದು ಕಡಿಮೆ ಬೆಳಕು ಅಷ್ಟೇ. ಅದನ್ನು ಮೆನುವಿನಲ್ಲಿ ಫ್ಲ್ಯಾಶ್ ಕಾಂಪೆನ್ಸೇಶನ್ (ಫ್ಲ್ಯಾಶಿನ ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಮೈನಸ್ 1ಕ್ಕೆ ಇಟ್ಟರೂ ಪಡೆಯಬಹುದು, ರಬ್ಬರ್ ಬ್ಯಾಂಡ್ ಬೇಡ.

ಆ ಮೈನಸ್ ಉಪಾಯವನ್ನೂ ಬೇರೆಯಾಗಿ ನೋಡಿದೆ. ಫ್ಲ್ಯಾಶ್ ಆಟೋದಲ್ಲಿ, ಮೈನಸ್ 1.3, ಐಎಸ್‌ಒ 1600, ಸ್ಲೋ ಸಿಂಕ್. ಆಗ ಶಟರ್ ಜಾಸ್ತಿ ಹೊತ್ತು ತೆರೆದಿದ್ದು ಕೋಣೆಯ ಟ್ಯೂಬ್‌ಲೈಟಿನ ಬೆಳಕೂ ಸೇರುತ್ತದೆ, ಗೋಡೆಯ ನೆರಳು ತಿಳಿಯಾಗುತ್ತದೆ. ಖರ್ಚಿಲ್ಲದ ಉಪಾಯಗಳಲ್ಲಿ ಇದು ಒಳ್ಳೆಯದು. ಆದರೆ ಮಕ್ಕಳು ಇದ್ದಲ್ಲಿ ಆಗುವುದಿಲ್ಲ. ಅಣ್ಣನ ದೊಡ್ಡ ಮಗ ಓಡಿದ ಫೋಟೋದಲ್ಲಿ ಅವನಿಗೆ ಬಾಲ ಬಂದಿದೆ.

ಫಿಲ್ಮ್ ರೋಲಿನ ಬಿಳಿ ಡಬ್ಬಿ ಹಳೇ ಕಪಾಟಿನಲ್ಲಿ ಸಿಕ್ಕಿತು. ಉದ್ದಕ್ಕೆ ಸೀಳಿ ಫ್ಲ್ಯಾಶಿಗೆ ಸಿಕ್ಕಿಸಿದೆ. ಇದೂ ಚಿಕ್ಕದೇ, ನೆರಳಿನ ಅಂಚು ಹೆಚ್ಚು ಕಡಿಮೆ ಹಾಗೇ. ಸಣ್ಣ ಬಿಳಿ ಕೋಣೆಯಲ್ಲಿ ಮಾತ್ರ ಬೆಳಕು ಅಕ್ಕಪಕ್ಕದ ಗೋಡೆಗೆ ಹಾರಿ ವಾಪಸ್ ಬರುವುದರಿಂದ ಸ್ವಲ್ಪ ಗುಣ ಕಂಡಿತು. ಅಂಗಳಕ್ಕೆ ಬಂದರೆ ಅದೂ ಇಲ್ಲ. ಡಬ್ಬಿಯ ಬದಿಗೆ ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿದ್ದೆ, ಅದರ ಒಂದು ತುದಿ ಫ್ಲ್ಯಾಶಿನ ಕಿಟಕಿಗೆ ತಾಗಿಕೊಂಡಿತ್ತು. ಫುಲ್ ಪವರಿನಲ್ಲಿ ಏಳೆಂಟು ಸಲ ಹೊಡೆದದ್ದೇ ಸುಟ್ಟ ವಾಸನೆ. ಕಪ್ಪು ಬಣ್ಣ ಬೆಳಕನ್ನೆಲ್ಲ ಹೀರಿ ಬಿಸಿಯಾಗುತ್ತದೆ ಅಂತ ಶಾಲೆಯಲ್ಲಿ ಓದಿದ್ದೆ, ನೆನಪಾದದ್ದು ವಾಸನೆ ಬಂದ ಮೇಲೆ. ಕಿಟಕಿಯ ಮೇಲೆ ಒಂದು ಕಲೆ ಈಗಲೂ ಉಂಟು.

ಅಂಗಡಿಯಿಂದ ತಂದ, ಬೆಳಕು ಹರಡುವ ಪ್ಲಾಸ್ಟಿಕ್ ಡಿಫ್ಯೂಸರ್ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಕ್ಯಾಮೆರಾದ ತಲೆಯ ಮೇಲಿನ ಹಾಟ್ ಶೂ ಅನ್ನುವ ಗಾಡಿಗೆ ಸಿಕ್ಕಿಸುವ ಅಂಗೈ ಅಗಲದ ಬಿಳಿ ತುಂಡು. ನೋಡಲು ಚಂದ, ಜೇಬಿಗೆ ಹಿಡಿಸುತ್ತದೆ. ನೆರಳಿನ ಅಂಚು ಒಂದು ಸೆಂಟಿಮೀಟರ್ ದಾಟಿತು. ಟಿಶ್ಯೂಗಿಂತ ವಾಸಿ, ಕೊಟ್ಟ ದುಡ್ಡಿಗೆ ಕಮ್ಮಿ. ಐಸ್‌ಕ್ರೀಂ ಡಬ್ಬಿ ಇದಕ್ಕಿಂತ ಮೆತ್ತಗಿನ ಬೆಳಕು ಕೊಟ್ಟಿತು, ಆದರೆ ಹಿಂದಕ್ಕೂ ಬೆಳಕು ಚೆಲ್ಲಿ ನನ್ನ ಕಣ್ಣಿಗೇ ಹೊಡೆಯಿತು. ಮತ್ತೆ, ತಲೆಯ ಮೇಲೆ ಐಸ್‌ಕ್ರೀಂ ಡಬ್ಬಿ ಹೊತ್ತ ಕ್ಯಾಮೆರಾ ಹಿಡಿದು ಮದುವೆ ಹಾಲಿಗೆ ಹೋಗುವ ಧೈರ್ಯ ನನಗಿಲ್ಲ.

ಇನ್ನು ಮದುವೆ ಕಾಗದ. ನಮ್ಮ ಮನೆಯಲ್ಲಿ ಹೇಳಿಕೆಯ ಕಾಗದಗಳು ದಿನಸಿ ಚೀಟಿ ಬರೆಯಲಿಕ್ಕೆ ಅಂತ ಒಂದು ಕಟ್ಟು ಯಾವಾಗಲೂ ಇರುತ್ತವೆ. ದಪ್ಪ, ಒಳಗಡೆ ಬೆಳ್ಳಗೆ ಇರುವ ಒಂದನ್ನು ಆರಿಸಿ, ಫ್ಲ್ಯಾಶಿನ ಮುಂದೆ ಓರೆಯಾಗಿ ಹಿಡಿದೆ. ಬೆಳಕು ಅದಕ್ಕೆ ಬಡಿದು ಮಾಡಿಗೆ, ಅಂದರೆ ಸೀಲಿಂಗಿಗೆ ಹೋಗಿ, ಅಲ್ಲಿಂದ ಕೆಳಗೆ ಬರಬೇಕು. ಮೊದಲ ಫೋಟೋ ಪೂರ್ತಿ ಕಪ್ಪು. ಪವರ್ ಫುಲ್ ಮಾಡಿದೆ, ಐಎಸ್‌ಒ 1600ಕ್ಕೆ ಏರಿಸಿದೆ. ಕಾಲು ಪವರಿನ ಬರೀ ಫ್ಲ್ಯಾಶಿಗೆ ಹೋಲಿಸಿದರೆ ಹದಿನಾರು ಪಟ್ಟು. ಆಗ ಬಂತು ನೋಡಿ ಫೋಟೋ!

ಅತ್ತಿಗೆಯ ಹಿಂದಿನ ಕಪ್ಪು ಅತ್ತಿಗೆ ಮಾಯ. ನೆರಳೆಲ್ಲ ಕೆಳಗೆ ಭುಜದ ಹಿಂದೆ ಇಳಿದಿತ್ತು, ಅಳೆಯಲು ಅಂಚೇ ಇರಲಿಲ್ಲ. ಮಲ್ಲಿಗೆಯ ಮೊಗ್ಗು ಮೊಗ್ಗೂ ಬೇರೆ ಬೇರೆ, ನಡುವೆ ಕಟ್ಟಿದ ಬಾಳೆ ನಾರು ಕೂಡ ಕಾಣುತ್ತಿತ್ತು. ಕಾಲುದೀಪದ ಮೇಲೆ ಮೊದಲು ಚುಕ್ಕಿಯಂತೆ ಚುಚ್ಚುತ್ತಿದ್ದ ಹೊಳಪು ಈಗ ಉದ್ದಕ್ಕೆ ಇಳಿದ ಮೆತ್ತನೆಯ ಗೆರೆ. ಈ ಬೆಳಕು ಬಂದದ್ದು ನಾಲ್ಕು ಸೆಂಟಿಮೀಟರ್ ಕಿಟಕಿಯಿಂದ ಅಲ್ಲ, ಹಾಸಿಗೆಯಷ್ಟು ದೊಡ್ಡ ಮಾಡಿನ ತುಂಡಿನಿಂದ. ಅತ್ತಿಗೆ ನೋಡಿ, "ಇದನ್ನು ಇಟ್ಕೋ. ಉಳಿದದ್ದೆಲ್ಲ ಅಳಿಸು, ಪೊಲೀಸ್ ಸ್ಟೇಷನ್ನಿನ ಫೋಟೋದ ಹಾಗೆ ಉಂಟು" ಅಂದರು.

ಇದಕ್ಕೂ ಎರಡು ತೊಂದರೆ. ಬೆಳಕು ನೆತ್ತಿಯಿಂದಲೇ ಬಂದರೆ ಕಣ್ಣಿನ ಗುಳಿ ಕಪ್ಪಾಗುತ್ತದೆ, ನಿದ್ದೆಗೆಟ್ಟವರ ಹಾಗೆ ಕಾಣುತ್ತಾರೆ. ಕಾಗದದ ನಡುವೆ ಗುಂಡುಸೂಜಿಯಿಂದ ಹತ್ತಾರು ತೂತು ಹಾಕಿದೆ. ಅಷ್ಟರಿಂದ ಸೋರಿದ ಬೆಳಕು ಕಣ್ಣಿಗೆ ಜೀವ ಕೊಟ್ಟಿತು. ಇನ್ನೊಂದು, ಮದುವೆ ಕಾಗದ ಅಪ್ಪಟ ಬಿಳಿ ಇರಬೇಕು. ಕೆನೆ ಬಣ್ಣದ್ದು ಹಿಡಿದರೆ ಎಲ್ಲರಿಗೂ ಅರಿಶಿನ ಶಾಸ್ತ್ರ ಆಗುತ್ತದೆ.

ಗೆದ್ದೆ ಅಂದುಕೊಂಡು ಅದೇ ಕಾಗದ ಹಿಡಿದು ದೊಡ್ಡಮ್ಮನ ಮನೆಗೆ ಹೋದೆ. ಅಲ್ಲಿ ಪೂರ್ತಿ ಮಣ್ಣು ಮುಕ್ಕಿದೆ. ನಮ್ಮದು ತಾರಸಿ ಮನೆ, ಮಾಡು ಹತ್ತು ಅಡಿ, ಬಿಳಿ ಪೇಂಟ್. ಅವರದು ಹಂಚಿನ ಮನೆ. ಚಾವಡಿಯ ಮೇಲೆ ಮರದ ಮುಚ್ಚಿಗೆ, ವರ್ಷಗಟ್ಟಲೆ ಎಣ್ಣೆ ಹೊಡೆದು ಕಪ್ಪಾದದ್ದು. ಎಸೆದ ಬೆಳಕನ್ನು ಅದು ನುಂಗಿತು. ಜಗಲಿಗೆ ಬಂದರೆ ಮುಚ್ಚಿಗೆ ಇಲ್ಲ, ನೇರ ಹಂಚು. ಇಳಿಜಾರು, ಬಣ್ಣವೂ ಕೆಂಪು. ವಾಪಸ್ ಬಂದ ಚೂರು ಬೆಳಕಿನಲ್ಲಿ ದೊಡ್ಡಮ್ಮನ ಬಿಳಿ ಕೂದಲಿಗೆ ಮದರಂಗಿ ಹಚ್ಚಿದ ಬಣ್ಣ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದಾಗ ಫ್ಲ್ಯಾಶ್ ಬೌನ್ಸ್ ಮಾಡುವವರ, ಅಂದರೆ ಹೀಗೆ ಮಾಡಿಗೆ ಬಡಿಸಿ ಬೆಳಕು ತರುವವರ ಯೋಚನೆ ಅವರಿಗಿರಲಿಲ್ಲ, ಪಾಪ. ಫ್ಲ್ಯಾಶ್ ಬಗ್ಗೆ ಎಲ್ಲೆಲ್ಲೂ ಓದುವ ಬುದ್ಧಿಮಾತು "ಸೀಲಿಂಗಿಗೆ ಹೊಡೆಯಿರಿ" ಅನ್ನುವುದು. ಅದನ್ನು ಬರೆದವರ ಮನೆಯ ಮಾಡು ಬಿಳಿ ಇರಬೇಕು.

ಹಂಚಿನ ಮನೆಗೆ ಬೇಕಾದದ್ದು ಬಟರ್ ಪೇಪರ್. ಸ್ಟೇಶನರಿ ಅಂಗಡಿಯ ಒಂದು ಹಾಳೆ ಸಾಕು. 20 ಸೆಂಟಿಮೀಟರ್ ಅಗಲ, 15 ಎತ್ತರಕ್ಕೆ ಕತ್ತರಿಸಿ, ಎರಡು ಬದಿಗೆ ಹಿಡಿಸೂಡಿಯ (ಪೊರಕೆಯ) ಕಡ್ಡಿ ಅಂಟಿಸಿದೆ. ಕಡ್ಡಿಗಳ ತುದಿಯನ್ನು ಲೆನ್ಸಿನ ಮುಂಭಾಗಕ್ಕೆ ರಬ್ಬರ್ ಬ್ಯಾಂಡಿನಲ್ಲಿ ಬಿಗಿದರೆ ಹಾಳೆ ಫ್ಲ್ಯಾಶಿನಿಂದ ಸುಮಾರು ಹತ್ತು ಸೆಂಟಿಮೀಟರ್ ಮುಂದೆ ಪರದೆಯ ಹಾಗೆ ನಿಲ್ಲುತ್ತದೆ. ಈ ಹತ್ತು ಸೆಂಟಿಮೀಟರೇ ಮುಖ್ಯ. ಅಷ್ಟು ದೂರ ಇದ್ದರೆ ಬೆಳಕು ಹರಡಿ ಇಡೀ ಹಾಳೆಯನ್ನು ತುಂಬುತ್ತದೆ. ಹತ್ತಿರ ತಂದರೆ ನಡುವೆ ಒಂದು ಬಿಳಿ ಮಚ್ಚೆ, ಅಷ್ಟೇ. ಲೆನ್ಸಿನ ಹುಡ್ ತೆಗೆದಿಡಬೇಕು, ಇಲ್ಲದಿದ್ದರೆ ಫೋಟೋದ ಕೆಳಗೆ ಅರ್ಧಚಂದ್ರದಂಥ ನೆರಳು ಕೂರುತ್ತದೆ. ಜೂಮ್ ತಿರುಗಿಸಿದರೆ ಪರದೆಯೂ ಜಾಗ ಬಿಟ್ಟು ಸರಿಯುತ್ತದೆ, ಹಾಗಾಗಿ ಒಂದೇ ಕಡೆ ಇಟ್ಟು ನಾನೇ ಹಿಂದೆ ಮುಂದೆ ಹೋದೆ.

ಪವರ್ ಫುಲ್ ಬೇಕಾಯಿತು, ಅಂದರೆ ಮುಕ್ಕಾಲು ಬೆಳಕು ಹೋಯಿತು. ನೆರಳಿನ ಅಂಚು ಮೂರು ಸೆಂಟಿಮೀಟರಿನ ಹತ್ತಿರ. ಬೌನ್ಸಿನ ಹಾಗೆ ನೆರಳು ಮಾಯವಾಗುವುದಿಲ್ಲ, ಆದರೆ ಮೂಗಿನ ಪಕ್ಕದ ಕಪ್ಪು ಗೆರೆ ಕರಗುತ್ತದೆ. ದೊಡ್ಡಮ್ಮನ ಬಣ್ಣ ದೊಡ್ಡಮ್ಮನದೇ ಬಂತು. ಹಣೆಯ ಹೊಳಪು ಮಾತ್ರ ಪೂರ್ತಿ ಹೋಗಲಿಲ್ಲ. ಅದಕ್ಕೆ ಬೈರಾಸಿನಲ್ಲಿ ಮುಖ ಒರೆಸಿಕೊಳ್ಳುವುದಕ್ಕಿಂತ ಒಳ್ಳೆಯ ಡಿಫ್ಯೂಸರ್ ನನಗೆ ಸಿಕ್ಕಿಲ್ಲ.

ಹತ್ತಿರ ಹೋದಷ್ಟೂ ಈ ಹಾಳೆಯ ಗುಣ ಜಾಸ್ತಿ, ಯಾಕೆಂದರೆ ಮುಖಕ್ಕೆ ಅದು ಅಷ್ಟು ದೊಡ್ಡದಾಗಿ ಕಾಣುತ್ತದೆ. ಮಂಗಳೂರಿನ ಗೆಳೆಯನ ತಂಗಿಯ ರೋಸ್‌ನಲ್ಲಿ ಇದು ಗೊತ್ತಾಯಿತು. ಮದುಮಗಳಿಗೆ ತೆಂಗಿನ ಹಾಲು, ಎಣ್ಣೆ ಹಚ್ಚುವ ಶಾಸ್ತ್ರ. ಮುಖ, ಕೈ ಎಲ್ಲ ಒದ್ದೆ, ಫ್ಲ್ಯಾಶಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಇಲ್ಲ. ಅಂಗಳದಲ್ಲಿ ಕೆಂಪು ಹಳದಿ ಶಾಮಿಯಾನ, ಬೌನ್ಸ್ ಮಾಡುವ ಮಾತೇ ಇಲ್ಲ. ಎರಡು ಮೀಟರಿನಿಂದ ಹೊಡೆದಾಗ ಕೆನ್ನೆಯ ಮೇಲೆ ಹಾಲಿನ ಹನಿ ಒಂದೊಂದೂ ಬಲ್ಬಿನ ಹಾಗೆ ಉರಿಯುತ್ತಿತ್ತು. ಒಂದು ಮೀಟರಿಗೆ ಬಂದು, ಪವರ್ ಇಳಿಸಿ ಹೊಡೆದರೆ ಹನಿ ಹನಿಯಾಗಿ ಕಂಡಿತು, ಬಿಳಿ ಹಾಲು ಬಿಳಿಯಾಗಿ.

ಯಕ್ಷಗಾನದ ಚೌಕಿಯಲ್ಲೂ (ವೇಷ ಕಟ್ಟುವ ಜಾಗ) ಒಮ್ಮೆ ಪ್ರಯತ್ನಿಸಿದೆ, ಕೇಳಿ ಒಪ್ಪಿಗೆ ಪಡೆದು. ತೆಂಕುತಿಟ್ಟಿನ ರಾಕ್ಷಸ ವೇಷಕ್ಕೆ ಅಕ್ಕಿ ಹಿಟ್ಟು, ಸುಣ್ಣದಲ್ಲಿ ಇಡುವ ಚುಟ್ಟಿಯ ಮುಳ್ಳುಗಳು ಬರೀ ಫ್ಲ್ಯಾಶಿನಲ್ಲಿ ಒಂದೇ ಬಿಳಿ ಮುದ್ದೆಯಾಗುತ್ತವೆ. ಬಟರ್ ಪೇಪರ್ ಹಾಕಿದಾಗ ಮುಳ್ಳು ಮುಳ್ಳೂ ಎದ್ದು ಕಂಡಿತು. ರಂಗಸ್ಥಳದ ಎದುರು ಕೂತು ಫ್ಲ್ಯಾಶ್ ಹೊಡೆಯುವುದು ಬೇರೆ ಮಾತು. ಎಂಟು ಹತ್ತು ಮೀಟರಿಗೆ ಈ ಫ್ಲ್ಯಾಶ್ ಸಾಕಾಗುವುದೂ ಇಲ್ಲ, ಕುಣಿಯುವವರ ಕಣ್ಣಿಗೆ ಹೊಡೆಯುತ್ತದೆ, ಭಾಗವತರು ಒಂದು ನೋಟ ನೋಡಿದರೆ ಸಾಕು.

ಹಾಗಾಗಿ ಈಗ ನನ್ನ ಬ್ಯಾಗಿನಲ್ಲಿ ಎರಡೂ ಉಂಟು. ಒಳಗೆ ಹೋದ ಕೂಡಲೇ ಮೊದಲು ತಲೆ ಎತ್ತಿ ಮಾಡು ನೋಡುತ್ತೇನೆ. ಬಿಳಿ ತಾರಸಿಯಾದರೆ ತೂತು ಹಾಕಿದ ಮದುವೆ ಕಾಗದ, ಹಂಚು, ಶಾಮಿಯಾನ, ಬಯಲು ಆದರೆ ಬಟರ್ ಪೇಪರ್. ಎರಡನ್ನು ತೂಗಿದರೆ ಬಟರ್ ಪೇಪರಿಗೇ ನನ್ನ ವೋಟು. ಬೌನ್ಸಿನಷ್ಟು ಚಂದ ಅಲ್ಲ, ಆದರೆ ಎಲ್ಲ ಕಡೆ ನಡೆಯುತ್ತದೆ, ಐಎಸ್‌ಒ ಏರಿಸಿ ಫೋಟೋ ಮರಳು ಮರಳಾಗುವುದೂ ಇಲ್ಲ.

ಜೂನ್ ಬಂದ ಮೇಲೆ ಅದರ ಹಣೆಬರಹವೂ ತಿಳಿಯಿತು. ನಮ್ಮ ಮಳೆಗಾಲದ ಗಾಳಿಗೆ ಬಟರ್ ಪೇಪರ್ ಹಪ್ಪಳ ಮೆತ್ತಗಾದ ಹಾಗೆ ಬಾಗಿ ಲೆನ್ಸಿನ ಮುಂದೆ ಇಳಿಯುತ್ತದೆ. ಮೊನ್ನೆ ಆಫೀಸಿನ ಹಾಲು ಬಿಳಿ ಬಣ್ಣದ ಪ್ಲಾಸ್ಟಿಕ್ ಫೈಲ್ ಒಂದನ್ನು ಅದೇ ಅಳತೆಗೆ ಕತ್ತರಿಸಿದ್ದೇನೆ. ಬೆಳಕು ಇನ್ನೂ ಸ್ವಲ್ಪ ಜಾಸ್ತಿ ತಿನ್ನುತ್ತದೆ, ಆದರೆ ನೆಟ್ಟಗೆ ನಿಲ್ಲುತ್ತದೆ. ಕಡ್ಡಿಯೂ ಬೇಕಾಗಲಿಲ್ಲ.