ಒಬ್ಬಳಿಗೇ ಫಿಸಿಯೋನಾ, ಗುಂಪಿನ ಕ್ಲಾಸಾ? ಮಗಳಿಗೆ ಎರಡನ್ನೂ ಮಾಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗುಂಪಿನ ಕ್ಲಾಸಿಗೆ. ಮಗಳಿಗೆ ಆರು ವರ್ಷ, ಸ್ಪೈನಾ ಬೈಫಿಡಾ ಇದೆ, ಅಂದರೆ ಹುಟ್ಟುವಾಗಲೇ ಬೆನ್ನುಮೂಳೆ ಪೂರ್ತಿ ಮುಚ್ಚಿಕೊಂಡಿರಲಿಲ್ಲ. ತೊಡೆಗೆ ಬಲ ಇದೆ, ಪಾದಕ್ಕಿಲ್ಲ. ಸ್ಪ್ಲಿಂಟ್ ಹಾಕಿದರೆ ವಾಕರ್ ಹಿಡಿದು ನಡೆಯುತ್ತಾಳೆ.

ಬನಶಂಕರಿಯಲ್ಲಿ ಮನೆ ಹತ್ತಿರವೇ ಒಂದೂವರೆ ವರ್ಷ ಫಿಸಿಯೋಥೆರಪಿ ಮಾಡಿಸಿದೆವು. ದಿನಕ್ಕೆ ಮುಕ್ಕಾಲು ಗಂಟೆ. ಕಾಲು ಬಿಗಿಯಾಗಲಿಲ್ಲ, ತೊಡೆ ಗಟ್ಟಿಯಾಯಿತು. ಆದರೂ ಮಂಚದಿಂದ ಕುರ್ಚಿಗೆ ನಾನೇ ಎತ್ತಿ ಕೂರಿಸುತ್ತಿದ್ದೆ.

ಗುಂಪಿನದು ಹಂಗೇರಿಯ ಆಂಡ್ರಾಶ್ ಪೆಟೋ ಶುರು ಮಾಡಿದ ಕಂಡಕ್ಟಿವ್ ಎಜುಕೇಷನ್. ಮರದ ಪಟ್ಟಿಗಳ ಮೇಜು, ಏಣಿಯಂಥ ಬೆನ್ನಿನ ಕುರ್ಚಿ, ಐದು ಮಕ್ಕಳು. "ಪಟ್ಟಿ ಹಿಡೀತೀನಿ, ಎದ್ದು ನಿಲ್ತೀನಿ" ಅಂತ ಒಟ್ಟಿಗೆ ಹೇಳಿಕೊಂಡೇ ಮಾಡುತ್ತಾರೆ. ಈ ಪದ್ಧತಿಗೆ ಹೆಚ್ಚಾಗಿ ಬರುವುದು ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು, ಅವರಿಗೆ ತೊಂದರೆ ಇರುವುದು ಮಿದುಳಿನಲ್ಲಿ. ಸ್ಪೈನಾ ಬೈಫಿಡಾ ಇರುವ ನಮ್ಮ ಮಕ್ಕಳಲ್ಲಿ ಕೆಟ್ಟಿರುವುದು ಬೆನ್ನುಹುರಿಯ ನರ. ಎಷ್ಟು ಹೇಳಿಕೊಂಡು ಮಾಡಿದರೂ ಅವಳ ಪಾದ ಅಲ್ಲಾಡುವುದಿಲ್ಲ, ಆ ಆಸೆ ಇಟ್ಟುಕೊಂಡು ಹೋಗಬೇಡಿ. ಇರುವ ಬಲದಲ್ಲೇ ದಿನದ ಕೆಲಸ ಮಾಡುವುದನ್ನು ಕಲಿಸುತ್ತಾರೆ. ನಾಲ್ಕನೇ ತಿಂಗಳು ಅವಳೇ ಮಂಚದಿಂದ ಕುರ್ಚಿಗೆ ಜರುಗಿದಳು. ನಾನು ಅಡುಗೆಮನೆಯಲ್ಲೇ ಅತ್ತುಬಿಟ್ಟೆ.

ಕಾಟ ಕೊಟ್ಟಿದ್ದು ಕ್ಯಾಥೆಟರ್ ವಿಷಯ. ಅವಳ ಮೂತ್ರಕೋಶ ತಾನಾಗಿ ಪೂರ್ತಿ ಖಾಲಿಯಾಗುವುದಿಲ್ಲ, ಮೂರ್ನಾಲ್ಕು ಗಂಟೆಗೊಮ್ಮೆ ಆ ಸಣ್ಣ ಕೊಳವೆ ಹಾಕಿ ಮೂತ್ರ ತೆಗೆಯಲೇಬೇಕು. ಮಲ್ಲೇಶ್ವರದ ಕಡೆ ಇರುವ ಆ ಸೆಂಟರ್‌ಗೆ ಮೆಟ್ರೋ, ಆಟೋ, ಎರಡು ಗಂಟೆ ಕ್ಲಾಸು, ವಾಪಸ್ಸು. ಸಮಯ ಸರಿಯಾಗಿ ಕ್ಲಾಸಿನ ಮಧ್ಯಕ್ಕೇ ಬರುತ್ತಿತ್ತು. ಅಲ್ಲಿದ್ದದ್ದು ಒದ್ದೆ ನೆಲದ ಇಕ್ಕಟ್ಟಾದ ಟಾಯ್ಲೆಟ್, ಮಲಗಿಸಲು ಜಾಗವೇ ಇಲ್ಲ. ಮನೆಗೆ ಹೋಗಿ ಮಾಡೋಣ ಅಂತ ಎರಡು ವಾರ ತಳ್ಳಿದೆ. ಇನ್‌ಫೆಕ್ಷನ್ ಆಗಿ ಜ್ವರ ಬಂತು, ಹತ್ತು ದಿನ ಕ್ಲಾಸು ತಪ್ಪಿತು.

ಸೆಂಟರ್‌ನವರನ್ನು ಮಂಚ ಕೇಳಿದರೆ, "ಡೈಪರ್ ಹಾಕಿ, ಬೇರೆ ಮಕ್ಕಳಿಗೂ ಅದೇ ಅಲ್ವಾ" ಅಂದರು. ನನಗೆ ತುಂಬಾ ಬೇಜಾರಾಯಿತು. ಡೈಪರ್ ಸೋರಿದ್ದನ್ನು ಹೀರುತ್ತದೆ, ಮೂತ್ರಕೋಶ ಖಾಲಿ ಮಾಡುವುದಿಲ್ಲ. ಒಳಗೆ ಉಳಿದರೆ ಕಿಡ್ನಿಗೇ ಪೆಟ್ಟು. ಡಾಕ್ಟರ್ ಹತ್ತಿರ ಬರೆಸಿಕೊಂಡು ಹೋದ ಮೇಲೆ ಸ್ಟೋರ್ ರೂಮಿನಲ್ಲಿ ಮಡಚುವ ಮಂಚ ಹಾಕಿ, ಪರದೆ ಕಟ್ಟಿದರು. ಫೀಸ್ ಕಟ್ಟುವ ಮೊದಲೇ ಇದನ್ನು ಕೇಳಿ.

ಎರಡೂ ಕಡೆ ಬಲೂನು, ರಬ್ಬರ್ ಬ್ಯಾಂಡ್ ಇದ್ದವು. ಈ ಮಕ್ಕಳಿಗೆ ಲ್ಯಾಟೆಕ್ಸ್, ಅಂದರೆ ಅವುಗಳಲ್ಲಿರುವ ರಬ್ಬರಿನ ಅಲರ್ಜಿ ಜಾಸ್ತಿ, ಅವು ಬೇಡ ಅಂತ ಹೇಳಿ. ಮನೆಗೆ ಬಂದ ಕೂಡಲೇ ಪಾದ ನೋಡಿ, ತರಚಿದರೂ ಅವರಿಗೆ ಗೊತ್ತಾಗುವುದಿಲ್ಲ.

ನನಗೆ ಬೆಳಗ್ಗೆ ಬಿಡುವು, ಹಾಗಾಗಿ ವಾರಕ್ಕೆ ಮೂರು ದಿನ ಗುಂಪಿನ ಕ್ಲಾಸು. ಎರಡನ್ನೂ ಪೂರ್ತಿ ನಡೆಸಲು ನಮ್ಮ ಸಂಬಳ ಸಾಲದು, ಫಿಸಿಯೋ ಈಗ ತಿಂಗಳಿಗೊಮ್ಮೆ. ಸ್ಟೋರ್ ರೂಮಿನ ಪರದೆಯನ್ನು ಈಚೆಗೆ ಮಗಳೇ ಎಳೆಯುತ್ತಾಳೆ.