ಫೋಮ್ ಇಯರ್‌ಪ್ಲಗ್ಗೋ, ಇಯರ್‌ಮಫ್ಫೋ?

ಗ್ರೈಂಡರ್, ಡ್ರಿಲ್ ಹಿಡಿಯುವವರು ಕಿವಿಗೆ ರಕ್ಷಣೆ ಕೊಳ್ಳುವಾಗ ಮೊದಲು ನೋಡುವುದು ಪ್ಯಾಕೆಟ್ ಮೇಲಿನ ಡೆಸಿಬೆಲ್ ಅಂಕಿಯನ್ನು, ಅಂದರೆ ಅದು ಎಷ್ಟು ಸದ್ದು ತಗ್ಗಿಸುತ್ತದೆ ಅನ್ನುವುದನ್ನು. ನನ್ನ ಫೋಮ್ ಇಯರ್‌ಪ್ಲಗ್ ಮೇಲೆ 33 ಅಂತಿದೆ, ಹೆಡ್‌ಫೋನಿನಂತೆ ಇಡೀ ಕಿವಿ ಮುಚ್ಚುವ ಮಫ್ ಮೇಲೆ 25. ಅಂಕಿ ನೋಡಿದರೆ ಫೋಮೇ ಮೇಲು. ಎರಡನ್ನೂ ಬಳಸಿದ ಮೇಲೆ ನನಗೆ ಹಾಗನ್ನಿಸುವುದಿಲ್ಲ.

ಫೋಮಿನ ಪಾಡೆಲ್ಲ ಹಾಕಿಕೊಳ್ಳುವುದರಲ್ಲೇ ಇದೆ. ಅದನ್ನು ಸಣ್ಣ ಕಡ್ಡಿಯಷ್ಟು ಹೊಸೆದು, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆಳೆದು, ಒಳಗೆ ತಳ್ಳಿ, ಅದು ಉಬ್ಬುವವರೆಗೆ ಬೆರಳಿನಿಂದ ಒತ್ತಿ ಹಿಡಿಯಬೇಕು. ಸರಿಯಾಗಿ ಕೂತರೆ ನಮ್ಮ ದನಿಯೇ ಕೊಡದೊಳಗಿಂದ ಬಂದಂತೆ ಕೇಳುತ್ತದೆ. ಅರ್ಧ ಹೊರಗೆ ನೇತಾಡುತ್ತಿದ್ದರೆ ಆ 33ಕ್ಕೆ ಅರ್ಥವಿಲ್ಲ. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ 1998ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟಿತು: ಪ್ಯಾಕೆಟ್ಟಿನ ಅಂಕಿಯಲ್ಲಿ ಮಫ್‌ಗೆ ಶೇ. 25, ಫೋಮಿಗೆ ಶೇ. 50 ಕಳೆಯಿರಿ ಅಂತ. ಕಳೆದು ನೋಡಿ: ಫೋಮಿಗೆ ಉಳಿಯುವುದು ಹದಿನಾರೂವರೆ, ಮಫ್‌ಗೆ ಸುಮಾರು 19.

ಮಫ್ಫಿಗೂ ಕಾಟಗಳಿವೆ. ಬೆವರು, ತಲೆಯ ಮೇಲಿನ ಬಿಗಿತ. ಕನ್ನಡಕದ ಕಡ್ಡಿ ಅಡ್ಡ ಬಂದರೆ ಮೆತ್ತೆಯ ಸಂದಿಯಿಂದ ಸದ್ದು ನುಗ್ಗುತ್ತದೆ. ಆದರೂ ನಿಂತು ನಿಂತು ನಡೆಯುವ ಕೆಲಸಕ್ಕೆ ನನ್ನ ಆಯ್ಕೆ ಅದೇ. ಯಾರೋ ಮಾತಾಡಿಸಿದರು ಅಂತ ಫೋಮ್ ತೆಗೆದರೆ ಗ್ರೀಸ್ ಕೈಯಲ್ಲಿ ಮತ್ತೆ ಹೊಸೆಯಲು ಮನಸ್ಸಾಗುವುದಿಲ್ಲ, "ಎರಡೇ ನಿಮಿಷ" ಅಂತ ಬರಿಗಿವಿಯಲ್ಲೇ ಶುರುವಾಗುತ್ತದೆ. ನಿಯೋಶ್ ಮಿತಿಯಲ್ಲಿ 85 ಡೆಸಿಬೆಲ್ಲಿಗೆ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಂತೆ ಅವಧಿ ಅರ್ಧ. 100 ಡೆಸಿಬೆಲ್ಲಿಗೆ 15 ನಿಮಿಷ ಮಾತ್ರ. ಅಂಥ ಎರಡೆರಡು ನಿಮಿಷಗಳು ಕೂಡಿದರೆ ದಿನದ ಪಾಲು ಮುಗಿಯಿತು. ಒಂದೇ ಸಮನೆ ಓಡುವ ಯಂತ್ರದ ಪಕ್ಕ ಗಂಟೆಗಟ್ಟಲೆ ಇರುವುದಾದರೆ ಮಾತ್ರ ನಾನು ಫೋಮ್ ಹಾಕಿಕೊಳ್ಳುತ್ತೇನೆ.

ಡ್ರಮ್ಸ್ ಇರುವ ಕಡೆ ಎರಡೂ ಬೇಡ. ಫೋಮ್ ಮೇಲಿನ ಸ್ಥಾಯಿಯನ್ನೇ ಹೆಚ್ಚು ತಿನ್ನುವುದರಿಂದ ಸಂಗೀತ ಮಂಕಾಗುತ್ತದೆ. ಸಂಗೀತಗಾರರು ಬಳಸುವ ಫಿಲ್ಟರ್ ಪ್ಲಗ್ ಎಲ್ಲ ಸ್ಥಾಯಿಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತದೆ. ಬೆಲೆ ಜಾಸ್ತಿ, ಆದರೆ ಕಿವಿಯಲ್ಲಿ ಉಳಿಯುವುದು ಇದೇ. ಹತ್ತಿಯ ಬಗ್ಗೆ ಹೇಳುವುದೇನಿಲ್ಲ, ತಡೆಯುವುದು ಅತ್ಯಲ್ಪ.

ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಪ್ರಯಾಣಕ್ಕೆ ಚೆನ್ನ. ಎಂಜಿನ್ನಿನ ಗುಂಯ್‌ಗುಡುವಿಕೆ ಅಡಗುವುದರಿಂದ ವಾಲ್ಯೂಮ್ ಏರಿಸಬೇಕಾಗುವುದಿಲ್ಲ. ಸುತ್ತಿಗೆಯ ಏಟಿನಂಥ ದಿಢೀರ್ ಸದ್ದಿಗೆ ಅದು ಸಾಲದು. ರಕ್ಷಣಾ ಸಾಧನವೆಂದು ಅಳೆದು ರೇಟಿಂಗ್ ಕೊಡದ ಹೆಡ್‌ಫೋನನ್ನು ಗ್ರೈಂಡರ್ ಮುಂದೆ ನಂಬಬೇಡಿ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದಕ್ಕೆ ಕಾರಣ ಸದ್ದನ್ನು ನರಕ್ಕೆ ದಾಟಿಸುವ ಒಳಗಿವಿಯ ರೋಮಕೋಶಗಳು. ಮನುಷ್ಯರಲ್ಲಿ ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಪೆಟ್ಟು ಬೀಳುವುದು ಸಾಮಾನ್ಯವಾಗಿ 4000 ಹರ್ಟ್ಸ್ ಆಸುಪಾಸಿನ ಮೇಲಿನ ಸ್ಥಾಯಿಯಲ್ಲಿ. ಹಾಗಾಗಿ ಸ, ಶ ಥರದ ವ್ಯಂಜನಗಳು ಮಸುಕಾಗುತ್ತವೆ: ಮಾತು ಕೇಳುತ್ತದೆ, ಏನಂದರೋ ತಿಳಿಯುವುದಿಲ್ಲ. ಗದ್ದಲದಿಂದ ಬಂದ ಮೇಲೆ ಗುಂಯ್ ಅನ್ನುವ ಕಿವಿ ಬೆಳಗಿನ ಹೊತ್ತಿಗೆ ಸರಿಹೋದರೂ ಒಳಗೆ ಹಾನಿಯಾಗಿರಬಹುದು.

ಮುಚ್ಚಿದ ಕೋಣೆಯಲ್ಲಿ ಕಾಂಕ್ರೀಟ್ ಕೊರೆಯುವಾಗ ಫೋಮ್ ಹಾಕಿ ಅದರ ಮೇಲೆ ಮಫ್ಫನ್ನೂ ಏರಿಸುತ್ತೇನೆ. ಎರಡರ ಅಂಕಿ ಕೂಡಿಸಬೇಡಿ. ದೊಡ್ಡದರ ಮೇಲೆ ಸಿಗುವುದು ಸುಮಾರು 5 ಡೆಸಿಬೆಲ್ ಮಾತ್ರ. ಕಿವಿಯನ್ನು ಎಷ್ಟೇ ಮುಚ್ಚಿದರೂ ಒಂದಷ್ಟು ಸದ್ದು ತಲೆಬುರುಡೆಯ ಮೂಲಕವೇ ಒಳಗಿವಿ ಮುಟ್ಟುತ್ತದೆ.