ತೊಗರಿ ಸಿಪ್ಪೆಯೋ, ಜೋಳದ ರವದಿಯೋ? ಕೊಲಾಗ್ರಾಫ್ ಅಚ್ಚಿಗೆ ನಮ್ಮೂರ ಸಾಮಾನುಗಳ ಹೋಲಿಕೆ

ಕೊಲಾಗ್ರಾಫ್ ಕಲಿಸುವ ಯಾವ ವಿಡಿಯೊ ನೋಡಿದರೂ ಅದೇ ಸಾಮಾನು. ಫರ್ನ್ ಎಲೆ, ಪಾಚಿ, ಬರ್ಚ್ ಮರದ ತೊಗಟೆ. ಕಲಬುರಗಿಯಲ್ಲಿ ಮೇ ತಿಂಗಳು 42 ಡಿಗ್ರಿ ಬಿಸಿಲಲ್ಲಿ ಕೂತು ಪಾಚಿ ಎಲ್ಲಿಂದ ತರೋಣ ಹೇಳಿ? ಹಾಗಾಗಿ ಇಲ್ಲೇ ಹೊಲದಲ್ಲಿ, ಅಡುಗೆಮನೆಯಲ್ಲಿ, ರಸ್ತೆ ಬದಿಯಲ್ಲಿ ಸಿಗೋದನ್ನೆಲ್ಲ ಒಂದೊಂದಾಗಿ ಅಂಟಿಸಿ ಅಚ್ಚು ತೆಗೆದು ನೋಡಿದೆ. ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಅನ್ನೋದು ಇಲ್ಲಿದೆ.

ಹೊಸಬರಿಗೆ ಒಂದು ಮಾತು. ರಟ್ಟಿನ ಮೇಲೆ ಎಲೆ, ನಾರು, ಮಣ್ಣು ಏನಾದರೂ ಅಂಟಿಸಿ, ಮೇಲೆ ಪಾಲಿಶ್ ಕೊಟ್ಟು ಗಟ್ಟಿ ಮಾಡಿ, ಅದಕ್ಕೇ ಶಾಯಿ ಹಚ್ಚಿ ಕಾಗದದ ಮೇಲೆ ಒತ್ತಿದರೆ ಕೊಲಾಗ್ರಾಫ್. ಆಸಿಡ್ ಬೇಡ, ತಾಮ್ರದ ತಗಡು ಬೇಡ. ಅಮೆರಿಕದ ಗ್ಲೆನ್ ಆಲ್ಪ್ಸ್ ಅನ್ನುವ ಕಲಾವಿದ 1950ರ ದಶಕದಲ್ಲಿ ಈ ಹೆಸರು ಕೊಟ್ಟು ಇದನ್ನು ಬೆಳೆಸಿದರು. ಶಾಯಿ ಹಚ್ಚುವುದಕ್ಕೆ ಎರಡು ದಾರಿ. ರೋಲರ್‌ನಿಂದ ಮೇಲ್ಮೈಗೆ ಮಾತ್ರ ಹಚ್ಚಿದರೆ ಎದ್ದು ನಿಂತ ಭಾಗ ಮೂಡುತ್ತದೆ. ಪ್ಲೇಟ್ (ಸಾಮಾನು ಅಂಟಿಸಿದ ಆ ರಟ್ಟು) ತುಂಬ ಶಾಯಿ ತುಂಬಿ ಬಟ್ಟೆಯಿಂದ ಒರೆಸಿದರೆ ತಗ್ಗಿನಲ್ಲಿ, ಅಂಚಿನಲ್ಲಿ, ಒರಟು ಜಾಗದಲ್ಲಿ ಉಳಿದ ಶಾಯಿ ಮೂಡುತ್ತದೆ, ನುಣುಪು ಜಾಗ ಬೆಳ್ಳಗೆ ಬರುತ್ತದೆ. ಎರಡನೆಯದಕ್ಕೆ ಒದ್ದೆ ಕಾಗದ ಬೇಕು, ಒತ್ತಡವೂ ಜಾಸ್ತಿ ಬೇಕು.

ಮನೆಯಲ್ಲಿ ನನ್ನ ಹತ್ತಿರ ಪ್ರೆಸ್ ಇಲ್ಲ. ಸ್ಟೀಲ್ ಚಮಚವೇ ಪ್ರೆಸ್. ಚಿತ್ರಕಲೆ ಓದಿದ ಗೆಳೆಯನ ಬಳಿ ಸಣ್ಣ ಎಚಿಂಗ್ ಪ್ರೆಸ್ (ಪ್ಲೇಟ್, ಕಾಗದ ಎರಡನ್ನೂ ಉರುಳೆಗಳ ನಡುವೆ ಒತ್ತುವ ಯಂತ್ರ) ಇದೆ, ಅವನು ಬಿಡುವಾಗಿದ್ದಾಗ ಅಲ್ಲಿಗೆ ಹೋಗುತ್ತೇನೆ. ಆದ್ದರಿಂದ ಪ್ರತಿ ಸಾಮಾನನ್ನೂ ಎರಡೂ ಕಡೆ ನೋಡಿದ್ದೇನೆ. ಇದನ್ನು ಮೊದಲೇ ಹೇಳೋದಕ್ಕೆ ಕಾರಣ ಇದೆ. ಚಮಚದ ಕೆಳಗೆ ಗೆದ್ದದ್ದು ಪ್ರೆಸ್ ಕೆಳಗೆ ಸೋಲಬಹುದು, ಉಲ್ಟಾನೂ ಆಗಬಹುದು. "ಯಾವ ಎಲೆ ಒಳ್ಳೆಯದು" ಅಂತ ಕೇಳುವ ಮೊದಲು "ಒತ್ತೋದು ಯಾವುದರಿಂದ" ಅಂತ ಕೇಳಬೇಕು.

ಮೊದಲು ಜೋಳದ ರವದಿ, ಅಂದರೆ ಒಣಗಿದ ಎಲೆ. ಹಿಂಗಾರಿ ಜೋಳ ಕೊಯ್ದ ಮೇಲೆ ಕಣಿಕಿ (ಒಣ ದಂಟು) ಬಣವೆ ಪಕ್ಕದಲ್ಲಿ ಎಷ್ಟು ಬೇಕಾದರೂ ಬಿದ್ದಿರುತ್ತದೆ. ಒಣಗಿದ ಎಲೆಯ ಉದ್ದಕ್ಕೂ ಸಣ್ಣ ಗೆರೆಗಳು, ಒಂದರ ಪಕ್ಕ ಒಂದು, ಬಾಚಣಿಗೆಯಿಂದ ಎಳೆದ ಹಾಗೆ. ರೋಲರ್‌ನಿಂದ ಶಾಯಿ ಹಚ್ಚಿ ತೆಳು ಕಾಗದ ಇಟ್ಟು ಚಮಚದಿಂದ ತಿಕ್ಕಿದರೆ ಆ ಗೆರೆ ಒಂದೂ ತಪ್ಪದೆ ಬರುತ್ತದೆ. ಮಳೆಗಾಲದ ಆಕಾಶ, ಉತ್ತಿದ ಹೊಲ, ನೀರು, ಇವಕ್ಕೆಲ್ಲ ಬೇರೆ ಏನೂ ಹುಡುಕಬೇಕಾಗಿಲ್ಲ. ಹರಿದು ಅಡ್ಡಡ್ಡ ಅಂಟಿಸಿದರೆ ನೇಯ್ಗೆ ತರಹ ಕಾಣುತ್ತದೆ.

ತೊಂದರೆ ಎರಡು. ಎಲೆಯ ನಡುವಿನ ದಪ್ಪ ನರ ಒಂದು. ಅದನ್ನು ಬಿಟ್ಟರೆ ಅದರ ಎರಡೂ ಬದಿಗೆ ಕಾಗದ ಕೆಳಗೆ ಮುಟ್ಟೋದಿಲ್ಲ, ಬಿಳಿ ಪಟ್ಟಿ ಉಳಿಯುತ್ತದೆ. ನಾನು ಬ್ಲೇಡಿನಿಂದ ಸೀಳಿ ತೆಗೆಯುತ್ತೇನೆ. ಎರಡನೆಯದು ಮೇಣ. ಜೋಳದ ಗಿಡದ ಮೇಲೆ, ಅದರಲ್ಲೂ ದಂಟಿಗೆ ಸುತ್ತಿಕೊಂಡ ಎಲೆಯ ಬುಡದಲ್ಲಿ, ಬೂದಿ ಸವರಿದಂಥ ಬಿಳಿ ಪುಡಿ ಇರುತ್ತದಲ್ಲ, ಅದು ಮೇಣ. ಅದರ ಮೇಲೆ ಅಂಟು ನಿಲ್ಲೋದಿಲ್ಲ. ಅಂಟಿಸಿದಾಗ ಸರಿಯಾಗೇ ಕಾಣುತ್ತದೆ, ಶಾಯಿ ಎಳೆದಾಗ ಪಟ್ಟೆ ಸಮೇತ ಕಿತ್ತುಬರುತ್ತದೆ. ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿ, ಅಂಟುವ ಬದಿಗೆ ನುಣ್ಣನೆ ಉಜ್ಜುಕಾಗದ ಒಮ್ಮೆ ಆಡಿಸಿದರೆ ಸಾಕು.

ಈಗ ತೊಗರಿ. ಕಲಬುರಗಿಯಲ್ಲಿ ಕೂತು ತೊಗರಿ ಬಿಟ್ಟರೆ ಹೇಗೆ? 2019ರಲ್ಲಿ ನಮ್ಮ ತೊಗರಿಬೇಳೆಗೆ ಜಿಐ ಟ್ಯಾಗ್ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಸಿಕ್ಕಿದೆ. ನನಗೆ ಬೇಕಾದದ್ದು ಬೇಳೆ ಅಲ್ಲ, ರಾಶಿ ಮಾಡಿದ ಮೇಲೆ ಉಳಿಯುವ ಕಾಯಿ ಸಿಪ್ಪೆ. ಕೇಳಿದಾಗ ಹೊಲದವರು, "ಇದ್ ತೊಗೊಂಡು ಏನ್ ಮಾಡ್ತೀರಿ ಸರ, ಮನ್ಯಾಗ ಎಮ್ಮಿ ಅವೇನ್ರಿ?" ಅಂದರು. ಅಚ್ಚು ತೆಗೀತೀನಿ ಅಂದದ್ದಕ್ಕೆ ಎಮ್ಮೆ ಇದ್ದಿದ್ದರೇ ಚಲೋ ಇತ್ತು ಅನ್ನುವ ಹಾಗೆ ನೋಡಿದರು.

ಒಂದು ಸಿಪ್ಪೆ ಕೈಯಲ್ಲಿ ಹಿಡಿದು ಬೆಳಕಿಗೆ ಓರೆ ಮಾಡಿ ನೋಡಿ. ಕಾಳು ಕಾಳಿನ ನಡುವೆ ಗುಂಡಿ ಬಿದ್ದಿರುತ್ತದೆ. ಅದು ನೆಟ್ಟಗೆ ಅಡ್ಡಕ್ಕೆ ಬೀಳದೆ ಓರೆಯಾಗಿ ಬೀಳುತ್ತದೆ. ಹೀಗೆ ಮೂರೋ ನಾಲ್ಕೋ ಓರೆ ಗೆರೆ. ಮೈಮೇಲೆ ಸಣ್ಣ ರೋಮ. ಒಂದು ಕಡೆ ಚೂಪು ಮೂತಿ. ಒರೆಸುವ ಪದ್ಧತಿಯಲ್ಲಿ ಶಾಯಿ ಹಚ್ಚಿದರೆ ಓರೆ ಗುಂಡಿಯಲ್ಲಿ ಕಪ್ಪು ನಿಲ್ಲುತ್ತದೆ, ರೋಮ ಇದ್ದಲ್ಲಿ ಬೂದು ಬಣ್ಣ, ಉಬ್ಬಿನ ನೆತ್ತಿಯಲ್ಲಿ ಬಿಳಿ. ಒಂದೇ ಸಾಮಾನಿನಲ್ಲಿ ಮೂರು ಛಾಯೆ! ಜೋಳದ ರವದಿ ಗೆರೆ ಕೊಡುತ್ತದೆ, ಇಷ್ಟು ಛಾಯೆ ಕೊಡೋದಿಲ್ಲ.

ಆದರೆ ಇದಕ್ಕೆ ತಯಾರಿ ಬೇಕು. ಸಿಪ್ಪೆ ದೋಣಿಯ ಆಕಾರಕ್ಕೆ ಮಡಚಿಕೊಂಡು, ಸ್ವಲ್ಪ ತಿರುಚಿಕೊಂಡೂ ಇರುತ್ತದೆ. ಹಾಗೇ ಅಂಟಿಸಿದರೆ ಪ್ರೆಸ್ ಕೆಳಗೆ ಪಟ್ ಅಂತ ಒಡೆಯುತ್ತದೆ. ಬಿಸಿನೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ಹಳೆ ಪೇಪರ್ ನಡುವೆ ಇಟ್ಟು ಮೇಲೆ ಶಹಾಬಾದಿ ಫರಸಿ ಹೇರಬೇಕು. ಈ ಕೆಲಸಕ್ಕೆ ಶಹಾಬಾದಿ ಕಲ್ಲಿಗಿಂತ ಒಳ್ಳೆಯದು ಇಲ್ಲ, ಚಪ್ಪಟೆ, ಭಾರ, ಯಾರ ಮನೆ ಹಿಂದೆಯಾದರೂ ಒಂದು ತುಂಡು ಬಿದ್ದಿರುತ್ತದೆ. ಪೂರ್ತಿ ಒಣಗಿದ ಮೇಲೆ ಹೊರಮೈ ಮೇಲೆ ಬರುವಂತೆ ಅಂಟಿಸಬೇಕು. ಪಾಲಿಶ್ ತೆಳ್ಳಗೆ ಕೊಡಬೇಕು, ದಪ್ಪ ಕೊಟ್ಟರೆ ರೋಮ ಮುಚ್ಚಿಹೋಗಿ ಬೂದು ಛಾಯೆ ಮಾಯ.

ಚಮಚದಿಂದ ತಿಕ್ಕಿದರೆ ತೊಗರಿ ಸಿಪ್ಪೆ ಸುಮ್ನೆ ಒಂದು ಕಪ್ಪು ಎಸಳಿನ ತರಹ ಬರುತ್ತದೆ. ಅದರ ಚಂದವೆಲ್ಲ ಇರೋದು ತಗ್ಗಿನಲ್ಲಿ, ಆ ತಗ್ಗಿಗೆ ಚಮಚ ಇಳಿಯೋದಿಲ್ಲ. ಹಾಗಾಗಿ ನನ್ನ ತೀರ್ಪು ಹೀಗೆ: ಪ್ರೆಸ್ ಇದ್ದರೆ ತೊಗರಿ, ಚಮಚ ಇದ್ದರೆ ಜೋಳ. ತೊಗರಿ ಕಟ್ಟಿಗೆಯನ್ನು ಮಾತ್ರ ಯಾವುದಕ್ಕೂ ಬಳಸಬೇಡಿ. ಪ್ಲೇಟ್ ಮೇಲೆ ನೋಡೋದಕ್ಕೆ ಭಾರಿ ಚಂದ, ಆದರೆ 3 ಮಿಲಿಮೀಟರ್ ದಾಟಿದ ಯಾವ ಕಡ್ಡಿಯೂ ಒದ್ದೆ ಕಾಗದವನ್ನು ಹರಿಯುತ್ತದೆ, ಪ್ರೆಸ್‌ನ ಉಣ್ಣೆ ಬಟ್ಟೆಗೂ ಗುರುತು ಬೀಳುತ್ತದೆ. ಗೆಳೆತನವೂ ಉಳಿಯಬೇಕಲ್ವಾ?

ಮರದ ಎಲೆಗಳ ವಿಷಯ ಬೇಗ ಮುಗಿಸುತ್ತೇನೆ. ಬೇವಿನ ಎಲೆಯ ಅಂಚಿನ ಗರಗಸ ಚೆನ್ನಾಗಿ ಮೂಡುತ್ತದೆ, ಒಳಗೆ ನರ ಅಷ್ಟಕ್ಕಷ್ಟೆ. ಮುತ್ತಲ ಎಲೆ ಪತ್ರಾವಳಿಗೆ ಬಳಸುವಷ್ಟು ಗಟ್ಟಿ, ಹಿಂಬದಿಯ ನರ ದಪ್ಪ. ಒರಟು ಒತ್ತಡ ತಡೆಯುತ್ತದೆ, ಕಲಿಯುವ ಮಕ್ಕಳಿಗೆ ಇದನ್ನೇ ಕೊಡಿ. ಅರಳಿ ಎಲೆ ಎಲ್ಲರಿಗೂ ಇಷ್ಟ, ಅದರ ಉದ್ದ ಬಾಲದಿಂದಾಗಿ. ಹಸಿರು ಭಾಗ ಕೊಳೆಸಿ ತೆಗೆದು ಬರೀ ನರದ ಜಾಲ ಉಳಿಸಿಕೊಂಡರೆ ಅಚ್ಚು ತುಂಬಾ ನಾಜೂಕಾಗಿ ಬರುತ್ತದೆ, ಆದರೆ ವಾರಗಟ್ಟಲೆ ನೀರಲ್ಲಿ ನೆನೆಸಿದ ಎಲೆಯ ನಾತವನ್ನು ಮನೆಯವರು ಸಹಿಸಬೇಕು. ಬಟ್ಟೆ ಒಗೆಯುವ ಸೋಡಾ ಹಾಕಿ ಕುದಿಸಿದರೆ ಬೇಗ ಆಗುತ್ತದೆ, ನಾತ ಕಡಿಮೆ. ಯಾವ ಎಲೆಯಾದರೂ ಸರಿ, ಹಿಂಬದಿ ಮೇಲೆ ಬರಲಿ. ಹಸಿ ಎಲೆ ಅಂಟಿಸಬೇಡಿ, ಪಾಲಿಶ್ ಕೆಳಗೆ ಸುಕ್ಕಾಗಿ ಬೂಸ್ಟು ಹಿಡಿಯುತ್ತದೆ. ತೀರಾ ಗರಿಗರಿ ಒಣಗಿದ್ದೂ ಬೇಡ, ಪುಡಿಯಾಗುತ್ತದೆ. ಪೇಪರ್ ನಡುವೆ ಒಂದು ವಾರ ಒತ್ತಿಟ್ಟದ್ದು ಸರಿಹೋಗುತ್ತದೆ.

ಬಲಿತು ಒಣಗಿದ ಹೀರೇಕಾಯಿಯ ನಾರು ಮತ್ತು ಗೋಣಿಚೀಲ ಇವೆರಡರಲ್ಲಿ ನನಗೆ ಹೀರೇಕಾಯಿಯೇ ಮೇಲು. ಗೋಣಿ ಎಲ್ಲಿ ಒತ್ತಿದರೂ ಗೋಣಿ ಅಂತ ಗೊತ್ತಾಗಿಬಿಡುತ್ತದೆ. ಸೀಳಿ ಚಪ್ಪಟೆ ಮಾಡಿದ ಹೀರೇಕಾಯಿ ನಾರು ಏನು ಅಂತ ಯಾರಿಗೂ ಹೊಳೆಯೋದಿಲ್ಲ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಹೋಲಿಕೆ ಮಣ್ಣಿನದು. ಮೂರು ತರಹ ನೋಡಿದೆ: ನಮ್ಮ ಎರೆಮಣ್ಣು, ಬೀದರ್ ಕಡೆಯ ಕೆಮ್ಮಣ್ಣು, ಭೀಮಾ ನದಿಯ ಉಸುಕು. ಮೂರನ್ನೂ ಜರಡಿ ಹಿಡಿದು, ಬಡಗಿಗಳ ಬಿಳಿ ಗೋಂದಿನಲ್ಲಿ ಕಲಸಿ ರಟ್ಟಿಗೆ ಬಳಿದದ್ದು.

ಉಸುಕು ನಂಬಿಕಸ್ಥ. ಕಾಳು ಕಾಳಿನ ನಡುವೆ ಶಾಯಿ ಹಿಡಿದುಕೊಂಡು ಗಾಢ ಕಪ್ಪು ಕೊಡುತ್ತದೆ. ಎಷ್ಟು ಒತ್ತಾಗಿ ಉದುರಿಸುತ್ತೀರೋ ಅಷ್ಟು ಕಪ್ಪು. ರಾತ್ರಿ, ನೆರಳು ಬೇಕಾದಲ್ಲಿ ಇದನ್ನೇ ಹಾಕಿ. ಆದರೆ ಒರೆಸುವ ಬಟ್ಟೆ ಬೇಗ ಚಿಂದಿಯಾಗುತ್ತದೆ. ಬೆರಳಿನ ಚರ್ಮವೂ.

ಕೆಮ್ಮಣ್ಣು ಒಣಗಿದ ಮೇಲೆ ಅಷ್ಟಾಗಿ ಕುಗ್ಗೋದಿಲ್ಲ. ನುಣ್ಣಗೆ, ಸಮವಾಗಿ, ತಿಳಿ ಬೂದು ಛಾಯೆ. ಒಳ್ಳೆಯದೇ, ಆದರೆ ಮಾತಿಲ್ಲದ ಮಣ್ಣು. ಮಧ್ಯದಲ್ಲಿ ಒಂದು ಮಾತು: ಬಿದರಿ ಕೆಲಸಕ್ಕೆ (ಕರಿ ಲೋಹದಲ್ಲಿ ಬೆಳ್ಳಿ ಕೂರಿಸುವ ಬೀದರಿನ ಕಲೆ) ಬೀದರ್ ಕೋಟೆಯ ಮಣ್ಣೇ ಕರಿ ಬಣ್ಣ ಕೊಡುತ್ತದೆ, ಹಾಗಾಗಿ ಇಲ್ಲೂ ಅದೇ ಮಣ್ಣು ಚಮತ್ಕಾರ ಮಾಡುತ್ತದೆ ಅಂತ ಒಬ್ಬರು ಹೇಳಿದ್ದರು. ಅಲ್ಲಿ ಆ ಮಣ್ಣು ನವಸಾಗರದ (ಅಮೋನಿಯಂ ಕ್ಲೋರೈಡ್) ಜೊತೆ ಸೇರಿ ಸತುವಿನ ಮಿಶ್ರಲೋಹದ ಮೇಲೆ ಕೆಲಸ ಮಾಡುತ್ತದೆ. ರಟ್ಟಿನ ಮೇಲೆ ಸತುವೂ ಇಲ್ಲ, ನವಸಾಗರವೂ ಇಲ್ಲ. ಕಪ್ಪು ಬರೋದು ಶಾಯಿ ಡಬ್ಬಿಯಿಂದಲೇ.

ಎರೆಮಣ್ಣಿನ ಕಥೆಯೇ ಬೇರೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಬೇಸಿಗೆಯಲ್ಲಿ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡೋದು ನೀವೂ ನೋಡಿದ್ದೀರಿ. ಗೋಂದು ಕಡಿಮೆ ಹಾಕಿ, ನೀರು ಸ್ವಲ್ಪ ಜಾಸ್ತಿ ಹಾಕಿ, ಎರಡು ಮಿಲಿಮೀಟರ್ ದಪ್ಪಕ್ಕೆ ಬಳಿದು ಬಿಸಿಲಿಗಿಟ್ಟರೆ ರಟ್ಟಿನ ಮೇಲೂ ಅದೇ ಆಟ. ಮೊದಲು ದೊಡ್ಡ ಬಿರುಕು, ಆಮೇಲೆ ಅದರಿಂದ ಕವಲು ಒಡೆದ ಸಣ್ಣ ಬಿರುಕು. ಆ ಬಿರುಕಿನಲ್ಲಿ ಶಾಯಿ ತುಂಬಿ ಒರೆಸಿ ಒತ್ತಿದರೆ ಒಂದೊಂದು ಗೆರೆಯೂ ಸೂಜಿಯಿಂದ ಕೊರೆದಂತೆ ಬರುತ್ತದೆ. ನೆರಳಲ್ಲಿ ನಿಧಾನ ಒಣಗಿಸಿದರೆ ಬಿರುಕು ಕಡಿಮೆ, ದೊಡ್ಡ ತುಂಡುಗಳು. ಬಿಸಿಲಲ್ಲಿ ಬೇಗ ಒಣಗಿಸಿದರೆ ಸಣ್ಣ ತುಂಡು ಜಾಸ್ತಿ. ಗೋಂದು ಹೆಚ್ಚಾದರೆ ಬಿರುಕೇ ಇಲ್ಲ. ಪೂರ್ತಿ ಕಡಿಮೆಯಾದರೆ ತುಂಡುಗಳು ಎದ್ದು ಬರುತ್ತವೆ. ಇದರ ದೋಷ ಅಂದರೆ ಆಯುಸ್ಸು. ನಾಲ್ಕೈದು ಅಚ್ಚಿಗೇ ಅಂಚು ಉದುರತೊಡಗುತ್ತದೆ. ಉಸುಕಿನ ಪ್ಲೇಟ್ ಅದರ ಮೂರು ಪಟ್ಟು ಬಾಳುತ್ತದೆ. ಆದರೂ ನಾನು ಎರೆಮಣ್ಣಿಗೇ ಓಟು ಹಾಕುತ್ತೇನೆ.

ಪಾಲಿಶ್ ವಿಷಯಕ್ಕೆ ಬರೋಣ, ಯಾಕೆಂದರೆ ಮೇಲೆ ಹೇಳಿದ್ದೆಲ್ಲ ಇದರ ಮೇಲೇ ನಿಂತಿದೆ. ಮೂರು ದಾರಿ. ಬಿಳಿ ಗೋಂದನ್ನೇ ನೀರು ಬೆರೆಸಿ ಮೇಲೆ ಬಳಿಯೋದು ಎಲ್ಲಕ್ಕಿಂತ ಅಗ್ಗ. ರೋಲರ್ ಪದ್ಧತಿಗೆ, ಒಣ ಕಾಗದಕ್ಕೆ ಅಡ್ಡಿಯಿಲ್ಲ. ಒದ್ದೆ ಕಾಗದಕ್ಕೆ ಬೇಡ. ನೀರಿನ ಪಸೆಗೆ ಗೋಂದು ಮತ್ತೆ ಮೆತ್ತಗಾಗಿ ಕಾಗದವನ್ನು ಹಿಡಿದುಕೊಂಡುಬಿಡುತ್ತದೆ. ಬಾಗಿಲಿಗೆ ಹಚ್ಚುವ ಎಣ್ಣೆ ವಾರ್ನಿಶ್ ಗಟ್ಟಿ, ನೀರಿಗೆ ಜಗ್ಗೋದಿಲ್ಲ. ಆದರೆ ಒಣಗೋದಕ್ಕೆ ಒಂದು ದಿನ ಹಿಡಿಯುತ್ತದೆ, ಅಷ್ಟರಲ್ಲಿ ನಮ್ಮೂರ ಧೂಳೆಲ್ಲ ಅದರ ಮೇಲೆ ಬಂದು ಕೂರುತ್ತದೆ. ದಪ್ಪಗೆ ಕೂತು ಸಣ್ಣ ಗೆರೆ ಮುಚ್ಚುತ್ತದೆ ಕೂಡ.

ಮೂರನೆಯದು ಅರಗಿನ ಪಾಲಿಶ್, ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಬಡಗಿಗಳಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಅರ್ಧ ಗಂಟೆಯೊಳಗೆ ಒಣಗುತ್ತದೆ, ತೆಳ್ಳಗೆ ಕೂರುತ್ತದೆ, ತೊಗರಿ ಸಿಪ್ಪೆಯ ರೋಮ ಉಳಿಸುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಇದು ಬೆಳ್ಳಗೆ ಮಂಕಾಗುತ್ತದೆ, ಕಲಬುರಗಿಯಲ್ಲಿ ವರ್ಷದ ಹೆಚ್ಚು ತಿಂಗಳು ಆ ಚಿಂತೆಯೇ ಇಲ್ಲ. ಮುಂದೆ, ಹಿಂದೆ, ನಾಲ್ಕೂ ಅಂಚಿಗೆ ಎರಡೆರಡು ಸಲ ಬಳಿಯಿರಿ. ಅಂಚು ಬಿಟ್ಟರೆ ರಟ್ಟು ನೀರು ಕುಡಿದು ಪದರ ಪದರ ಬಿಚ್ಚಿಕೊಳ್ಳುತ್ತದೆ. ಕಿಟಕಿ ತೆರೆದಿಡಿ, ಒಲೆ ಹತ್ತಿರ ಬೇಡ.

ಶಾಯಿಯಲ್ಲಿ ಹೆಚ್ಚು ಆಯ್ಕೆ ಇಲ್ಲ. ನೀರಿನ ಶಾಯಿ ಬೇಸಿಗೆಯಲ್ಲಿ ಒರೆಸಿ ಮುಗಿಯುವ ಮೊದಲೇ ಪ್ಲೇಟ್ ಮೇಲೆ ಒಣಗುತ್ತದೆ, ಚಳಿಗಾಲದ ಬೆಳಗಿನ ಹೊತ್ತಿಗೆ ಮಾತ್ರ ಲಾಯಕ್ಕು. ಎಚಿಂಗ್ ಶಾಯಿ ಒಳ್ಳೆಯದು, ಆದರೆ ದುಬಾರಿ, ತರಿಸಿಕೊಳ್ಳಬೇಕು. ಲಗ್ನಪತ್ರಿಕೆ ಛಾಪಿಸುವ ಪ್ರೆಸ್‌ಗಳಲ್ಲಿ ಕೇಳಿದರೆ ಡಬ್ಬಿ ತಳದ ಆಫ್‌ಸೆಟ್ ಶಾಯಿ ಕೊಡುತ್ತಾರೆ. ಅದು ಜಿಗುಟು, ಒಣ ಎಲೆಯನ್ನು ಕಿತ್ತುಕೊಂಡು ಬರುತ್ತದೆ. ಕೆಲವು ಹನಿ ಅಗಸೆ ಎಣ್ಣೆ ಹಾಕಿ ಕಲಸಿದರೆ ದಾರಿಗೆ ಬರುತ್ತದೆ. ನಾನು ಬಳಸೋದು ಇದನ್ನೇ. ಒರೆಸೋದಕ್ಕೆ ಗಂಜಿ ಹಾಕಿದ ಮಲ್ ಬಟ್ಟೆ, ಕೊನೆಗೆ ಹಳೆ ಪೇಪರ್.

ಕಾಗದ ನೆನೆಸಿ, ನೀರು ಹೀರಿಸಿ, ಕೂಡಲೇ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡಿ. ಫ್ಯಾನ್ ಕೆಳಗೆ ಬಿಟ್ಟರೆ ನೀವು ಪ್ಲೇಟ್ ಒರೆಸುವಷ್ಟರಲ್ಲಿ ಒಣಗಿರುತ್ತದೆ. ಪ್ರೆಸ್‌ಗೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹತ್ತಿ ಕಾಗದ, ಚಮಚಕ್ಕೆ ತೆಳುವಾದ ನೇಪಾಳಿ ಕಾಗದ. ಅಂಗಡಿಯ ಮಾಮೂಲಿ ಡ್ರಾಯಿಂಗ್ ಶೀಟ್ ನೆನೆಸಿದರೆ ಮೇಲ್ಮೈ ಎದ್ದುಬರುತ್ತದೆ, ಒಣದಾಗಿ ಬಳಸಿ.

ಕೆಲಸ ಮುಗಿದ ಮೇಲೆ ಪ್ಲೇಟನ್ನು ಅಡುಗೆ ಎಣ್ಣೆ ಸವರಿ ಬಟ್ಟೆಯಿಂದ ಒರೆಸಿ. ಸೋಡಾ ಅಥವಾ ಖಾರವಾದ ಸೋಪು ತಾಗಿಸಬೇಡಿ, ಅರಗು ಅದರಲ್ಲಿ ಕರಗುತ್ತದೆ. ಎತ್ತಿಡುವಾಗ ಪ್ಲೇಟ್ ಪ್ಲೇಟ್ ನಡುವೆ ಬೆಣ್ಣೆ ಕಾಗದ ಇರಲಿ, ಇಲ್ಲದಿದ್ದರೆ ಬೇಸಿಗೆ ಕಾವಿಗೆ ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ತೊಗರಿ ಸಿಪ್ಪೆಯನ್ನು ಡಿಸೆಂಬರ್-ಜನವರಿ ರಾಶಿಯ ಹೊತ್ತಿಗೆ, ರವದಿಯನ್ನು ಫೆಬ್ರವರಿ-ಮಾರ್ಚ್‌ನಲ್ಲಿ ವರ್ಷಕ್ಕಾಗುವಷ್ಟು ತಂದು ಬಿಸಿಲಿಗೆ ಹಾಕಿ ಡಬ್ಬಿಯಲ್ಲಿಡಿ. ಸಿಪ್ಪೆಯೊಳಗೆ ಒಂದೆರಡು ಕಾಳು ಉಳಿದಿದ್ದರೆ ಬಿಡಿಸಿ ತೆಗೆಯಿರಿ, ಅದಕ್ಕೆ ಹುಳ ಬೀಳುತ್ತದೆ.